ಮಸ್ಕಿಯ ಬಂಡೆಯಿಂದ ಕಂಪ್ಯೂಟರ್ ಸಾಕ್ಷ್ಯದವರೆಗೆ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವಿದೆ. 1915ರಲ್ಲಿ ಅದನ್ನು ಗುರುತಿಸಿದವರು ಚಿನ್ನದ ಗಣಿ ಎಂಜಿನಿಯರ್ ಬೀಡನ್. ಆಗ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸಂಸ್ಥಾನದ ಪುರಾತತ್ವ ಇಲಾಖೆ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಹಿಂದಿನ ವರ್ಷವಷ್ಟೇ ಆರಂಭವಾಗಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಈ ಶಾಸನವೇ ಅದರ ಗ್ರಂಥಮಾಲೆಯ ಮೊದಲ ಪ್ರಕಟಣೆ.

ಅದುವರೆಗೆ ದೇಶದ ತುಂಬ ದೊರೆತಿದ್ದ ಇಂಥ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿಯನ್ನು ಬಿಡಿಸಿದರು. ಸಿಂಹಳದ ಪಾಳಿ ಗ್ರಂಥಗಳನ್ನು ಆಧರಿಸಿ, ಈ ಅರಸ ಅಶೋಕನೇ ಎಂದು ಜಾರ್ಜ್ ಟರ್ನರ್ ಸೂಚಿಸಿದರು. ಅದಾಗಿ 78 ವರ್ಷಗಳ ಮೇಲೆ ಮಸ್ಕಿಯಲ್ಲಿ ಬಿರುದೂ ಹೆಸರೂ ಜೊತೆಯಾಗಿಯೇ ಸಿಕ್ಕವು: ದೇವಾನಾಂಪ್ರಿಯ ಅಶೋಕ. ಮುಂದೆ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳಂ ಶಾಸನಗಳಲ್ಲೂ ಆ ಹೆಸರು ಕಂಡಿತು.

ಬರೆಸಿದವರು ಯಾರು? ಇಂದಿನ ಡಿಜಿಟಲ್ ಫೊರೆನ್ಸಿಕ್ಸ್ ಎಂಬ ವಿದ್ಯೆಯ ಮುಂದಿರುವುದೂ ಇದೇ ಪ್ರಶ್ನೆ. ಆದರೆ ಇಲ್ಲಿ ಸಾಕ್ಷ್ಯ ಕಲ್ಲಿನ ಮೇಲಿಲ್ಲ; ತಿದ್ದಿದರೆ ಕಣ್ಣಿಗೆ ಗೀರೂ ಕಾಣದು. ಹಾಗಾಗಿ ತಜ್ಞರು ವಶಪಡಿಸಿಕೊಂಡ ಡಿಸ್ಕನ್ನು ಮುಟ್ಟದೆ ಅದರ ಯಥಾಪ್ರತಿ ತೆಗೆದು ಪರೀಕ್ಷಿಸುತ್ತಾರೆ. ಇಡೀ ಮಾಹಿತಿಯಿಂದ ಗಣಿತದ ಮೂಲಕ 'ಹ್ಯಾಶ್' ಎಂಬ ಸಂಖ್ಯೆಯೊಂದನ್ನು ಪಡೆಯುತ್ತಾರೆ. ಒಂದಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಆದರೆ ಅದು ಹೇಳುವುದು ಪ್ರತಿ ತೆಗೆದ ಮೇಲೆ ಏನೂ ಬದಲಾಗಿಲ್ಲವೆಂದು ಮಾತ್ರ. ಕೀಲಿಮಣೆಯ ಮುಂದೆ ಕುಳಿತಿದ್ದವನು ಯಾರೆಂದು ತಿಳಿಯಲು ಟರ್ನರ್ ಮಾಡಿದಂತೆ ಹೊರಗಿನ ದಾಖಲೆಗಳೊಡನೆ ತಾಳೆ ನೋಡಲೇಬೇಕು.

ಸಾಕ್ಷ್ಯ ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಸರಪಳಿಯೂ ತುಂಡಾಗಬಾರದು. ಹದೀಸ್ ವಿದ್ವಾಂಸರು ಶತಮಾನಗಳ ಹಿಂದೆಯೇ 'ಇಸ್ನಾದ್' ಎಂದು ವರದಿಗಾರರ ಸರಣಿಯನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿದ್ದು ಇದೇ ಎಚ್ಚರದಿಂದ.

ಮೊಬೈಲಿನ ಒಂದು ಸಂದೇಶದಿಂದ ಬೀದಿ ಹೊತ್ತಿ ಉರಿಯಬಹುದು, ನಿರಪರಾಧಿ ಜೈಲು ಸೇರಬಹುದು. ಅದು ಆತನದಲ್ಲವೆಂದು ತೋರಿಸಬಲ್ಲುದೂ ಇದೇ ವಿದ್ಯೆ. ವಿದ್ಯುನ್ಮಾನ ದಾಖಲೆಗೆ ಕಾನೂನು ಮನ್ನಣೆ ಕೊಟ್ಟದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದಲ್ಲಿ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು.

ಕಂಪ್ಯೂಟರ್ ಎಂದರೆ ನಮ್ಮ ಮಕ್ಕಳಿಗೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೇ ನೆನಪಾಗುತ್ತದೆ. ಅದೇ ವಿಜ್ಞಾನದಲ್ಲಿ ಸಂಶೋಧನೆ, ಅಧ್ಯಾಪನದ ಈ ದಾರಿಯೂ ಇದೆ. 2020ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನಗಳ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲೇ ಇದೆ. ಪ್ರಯೋಗಾಲಯದ ತಜ್ಞ ಒಂದು ಮೊಕದ್ದಮೆಯ ಸಾಕ್ಷ್ಯವನ್ನು ಪರೀಕ್ಷಿಸಿದರೆ, ಸಂಶೋಧಕ ಆ ಪರೀಕ್ಷೆಯನ್ನೇ ಪರೀಕ್ಷಿಸುತ್ತಾನೆ: ಅದು ಎಲ್ಲಿ ತಪ್ಪಬಹುದು, ಎಷ್ಟರಮಟ್ಟಿಗೆ ನಂಬಬಹುದು? ನ್ಯಾಯಾಲಯದಲ್ಲಿ ಕೈಕಟ್ಟಿ ನಿಂತವನಿಗೆ ಈ ಪ್ರಶ್ನೆಗಳ ಉತ್ತರವೇ ಬಿಡುಗಡೆಯಾಗಬಹುದು. ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಮಕ್ಕಳೂ ಈ ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳಬೇಕು.