ಕೊಟ್ಟವರಿಗೆ ಕೊಡುವ ಲೆಕ್ಕ

ಲಿನಕ್ಸ್‌ನ ಹೊಸ ಆವೃತ್ತಿ ಬಂದ ವಾರ ಅದನ್ನು ಟೊರೆಂಟ್‌ನಲ್ಲಿ ಹಾಕಿದರೆ ಲೈನಿನ ಪೂರ್ತಿ ವೇಗದಲ್ಲಿ ಇಳಿಯುತ್ತದೆ. ಹಳೆಯ ಆವೃತ್ತಿಯೊಂದನ್ನು ಅದೇ ಲೈನಿಗೆ ಹಾಕಿ ನೋಡಿ, ತೆವಳುತ್ತದೆ. ಕೆಲವು ಸಲ ಅಲುಗುವುದೇ ಇಲ್ಲ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಊರವರ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಕೊಡುತ್ತ ಬಂದ ನನ್ನನ್ನು ಹುಡುಗರು ಮತ್ತೆ ಮತ್ತೆ ಕೇಳುವುದು ಇದನ್ನೇ: ನೆಟ್ ಅದೇ, ಕಂಪ್ಯೂಟರ್ ಅದೇ, ಸ್ಪೀಡ್ ಮಾತ್ರ ಯಾಕೆ ಸಾರ್ ಹೀಗೆ? ಇದಕ್ಕೆ ಉತ್ತರ ಬೇಕೆಂದರೆ ಕಾಲು ಶತಮಾನ ಹಿಂದಕ್ಕೆ ಹೋಗಬೇಕು.

1999ರಲ್ಲಿ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಶಾನ್ ಫ್ಯಾನಿಂಗ್ ನ್ಯಾಪ್‌ಸ್ಟರ್ ಬರೆದ. ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರಿನಲ್ಲಿ. ಹಾಡು ಬರುತ್ತಿದ್ದದ್ದು ಯಾರದೋ ಮನೆಯ, ಹಾಸ್ಟೆಲಿನ ಕಂಪ್ಯೂಟರಿನಿಂದ. ಇಡೀ ಹಾಡು ಒಬ್ಬರಿಂದಲೇ ಬರಬೇಕು. ಆ ಒಬ್ಬರು ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿದ್ದರೆ ನಿಮ್ಮ ಪುಣ್ಯ. 56ಕೆ ಮೋಡೆಮ್ ಇಟ್ಟುಕೊಂಡವರಾದರೆ ಕಾಯಬೇಕು, ಅವರು ಫೋನ್ ಇಟ್ಟರೆ ಹಾಡೂ ಅರ್ಧಕ್ಕೇ ನಿಂತಿತು. ಪಟ್ಟಿ ಒಂದೇ ಕಡೆ ಇದ್ದುದರಿಂದ ಕೋರ್ಟಿಗೂ ಹಿಡಿಯುವುದು ಸುಲಭವಾಯಿತು. 1999ರ ಡಿಸೆಂಬರಿನಲ್ಲಿ ಅಮೆರಿಕದ ಸಂಗೀತ ಕಂಪನಿಗಳು ಮೊಕದ್ದಮೆ ಹೂಡಿದವು. 2001ರ ಜುಲೈಯಲ್ಲಿ ಹಂಚಿಕೆ ನಿಂತಿತು.

ಅಷ್ಟರೊಳಗೆ, 2000ದ ಮಾರ್ಚ್‌ನಲ್ಲಿ, ನಲ್‌ಸಾಫ್ಟ್ ಕಂಪನಿಯ ಜಸ್ಟಿನ್ ಫ್ರ್ಯಾಂಕೆಲ್ ಮತ್ತು ಟಾಮ್ ಪೆಪ್ಪರ್ ನುಟೆಲ್ಲಾ ಬಿಡುಗಡೆ ಮಾಡಿದ್ದರು. ಇದಕ್ಕೆ ಕೇಂದ್ರ ಸರ್ವರೇ ಇಲ್ಲ. ಆದರೆ ಅದೇ ವರ್ಷ ಜೆರಾಕ್ಸ್‌ನ ಪಾಲೋ ಆಲ್ಟೋ ಕೇಂದ್ರದ ಏಟನ್ ಅಡಾರ್ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಈ ಜಾಲವನ್ನು ಅಳೆದು ನೋಡಿದಾಗ ಅದರ ಹುಳುಕು ಹೊರಬಿತ್ತು. ಶೇ. 70ರಷ್ಟು ಬಳಕೆದಾರರು ಒಂದು ಫೈಲನ್ನೂ ಹಂಚುತ್ತಿರಲಿಲ್ಲ. ಹುಡುಕಾಟಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕೊಡುತ್ತಿದ್ದವರು ಹಂಚುವವರಲ್ಲೇ ಮೇಲಿನ ಶೇ. 1ರಷ್ಟು ಮಂದಿ. ನನ್ನ ಮಟ್ಟಿಗೆ ಫೈಲ್ ಹಂಚಿಕೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಅಳತೆ ಇನ್ನೊಂದಿಲ್ಲ. ಯಾರೋ ಅಪ್‌ಲೋಡ್ ಮಾಡಿದರೆ ತಾನೇ ನಮ್ಮ ಡೌನ್‌ಲೋಡ್? ಎಲ್ಲರೂ ಕೈಯೊಡ್ಡಿ ನಿಂತರೆ ವೇಗ ಎಲ್ಲಿಂದ ಬರಬೇಕು?

ಈ ಗಂಟನ್ನು ಬಿಚ್ಚಿದವನು ಬ್ರ್ಯಾಮ್ ಕೋಹೆನ್. ಮೋಜೋ ನೇಷನ್ ಎಂಬ ಯೋಜನೆಯಲ್ಲಿ ದುಡಿದಿದ್ದ ಈತ ಅದನ್ನು ಬಿಟ್ಟು, ಪೈಥಾನ್ ಭಾಷೆಯಲ್ಲಿ ಬಿಟ್‌ಟೊರೆಂಟ್ ಬರೆದು 2001ರ ಜುಲೈಯಲ್ಲಿ ಹೊರಬಿಟ್ಟ. ಫೈಲನ್ನು ಸಾಮಾನ್ಯವಾಗಿ ಕಾಲು ಮೆಗಾಬೈಟಿನ ತುಂಡುಗಳಾಗಿ ಕತ್ತರಿಸಿದ. ತುಂಡು ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸಲು ಪ್ರತಿಯೊಂದಕ್ಕೂ ಹ್ಯಾಷ್ ಎಂಬ ಗುರುತು ಇಟ್ಟ. ಪೂರ್ತಿ ಫೈಲ್ ಇಲ್ಲದವನೂ ತನ್ನಲ್ಲಿರುವ ತುಂಡನ್ನು ಇನ್ನೊಬ್ಬನಿಗೆ ಕೊಡಬಹುದಾಯಿತು. ಗುಂಪಿನಲ್ಲಿ ಯಾವ ತುಂಡು ಅಪರೂಪವೋ ಅದನ್ನೇ ಮೊದಲು ಕೇಳಬೇಕು. ಆಗ ಮೂಲದವನು ಎದ್ದು ಹೋದರೂ ಫೈಲ್ ಉಳಿಯುತ್ತದೆ.

ಇದಕ್ಕೆಲ್ಲ ಜೀವಾಳ ಕೊಟ್ಟು ತೆಗೆದುಕೊಳ್ಳುವ ನಿಯಮ. ನಿಮ್ಮ ಕಂಪ್ಯೂಟರ್ ಹತ್ತಾರು ಜನರೊಂದಿಗೆ ಸಂಪರ್ಕದಲ್ಲಿದ್ದರೂ ಒಂದು ಹೊತ್ತಿಗೆ ಕೊಡುವುದು ಕೆಲವರಿಗೆ ಮಾತ್ರ, ಕೋಹೆನ್‌ನ ಮೂಲ ಲೆಕ್ಕದಲ್ಲಿ ನಾಲ್ವರಿಗೆ. ನಮಗೆ ಯಾರು ಜೋರಾಗಿ ಕೊಡುತ್ತಿದ್ದಾರೋ ಅವರಿಗೇ ನಾವು ಕೊಡುವುದು. 10 ಸೆಕೆಂಡಿಗೊಮ್ಮೆ ಈ ಲೆಕ್ಕ ಹೊಸದಾಗಿ ನಡೆಯುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಹಾಗೆ: ನನ್ನ ಗದ್ದೆ ನಾಟಿಗೆ ಬಂದವನ ಗದ್ದೆಗೆ ನಾನು ಹೋಗುತ್ತೇನೆ. ಹಾಗಾದರೆ ಕೈಯಲ್ಲಿ ಒಂದು ತುಂಡೂ ಇಲ್ಲದ ಹೊಸಬನ ಗತಿ? ಅವನಿಗಾಗಿಯೇ 30 ಸೆಕೆಂಡಿಗೊಮ್ಮೆ ಸರದಿ ಬದಲಾಗುವ ಒಂದು ಜಾಗವಿದೆ. ಅಲ್ಲಿ ಏನನ್ನೂ ಕೊಡದವನಿಗೂ ಸಿಗುತ್ತದೆ. ಡೌನ್‌ಲೋಡ್ ಮೊದಲು ಕುಂಟಿ ಆಮೇಲೆ ಓಡುವುದು ಇದರಿಂದಲೇ.

2003ರ ವಸಂತದಲ್ಲಿ ರೆಡ್ ಹ್ಯಾಟ್ 9 ಎಂಬ ಲಿನಕ್ಸ್ ಬಂದಾಗ ಜನ ಮುಗಿಬಿದ್ದರು. ಎಷ್ಟು ಜನ ಬಂದರೆ ಸರ್ವರಿಗೆ ಅಷ್ಟು ಉಸಿರುಗಟ್ಟುತ್ತದೆ. ಟೊರೆಂಟಿಗೆ ಬಂದವರೆಲ್ಲ ಹಂಚುವವರೂ ಆದರು. ಆ ಮೇಲೆ ಲಿನಕ್ಸ್ ಹಂಚಿಕೆಗೆ ಇದು ರಾಜಮಾರ್ಗವಾಯಿತು.

ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬರತೊಡಗಿದ್ದು 2005ರ ಸುಮಾರಿಗೆ, 256 ಕೆಬಿಪಿಎಸ್ ವೇಗದಲ್ಲಿ. ಎಲ್ಲ ಸರಿಯಿದ್ದರೆ ಸೆಕೆಂಡಿಗೆ 32 ಕಿಲೋಬೈಟ್. 700 ಎಂಬಿಯ ಒಂದು ಸಿ.ಡಿ.ಗೆ ಆರು ತಾಸಿಗೂ ಮೇಲೆ. ರಾತ್ರಿ ಹಾಕಿ ಮಲಗುವುದು ನಮ್ಮ ವಾಡಿಕೆಯಾಗಿತ್ತು. ಆಗಿನ ಎಡಿಎಸ್‌ಎಲ್ ಲೈನಿನ ಸ್ವಭಾವವೇ ಇಳಿಸಲು ಅಗಲ, ಏರಿಸಲು ಇಕ್ಕಟ್ಟು. ಕೊಡುವುದು ಕಡಿಮೆಯಾದರೆ ಸಿಗುವುದೂ ಕಡಿಮೆ. ರೂಟರಿನ ಪೋರ್ಟ್ ಮುಚ್ಚಿದ್ದರೆ ಹೊರಗಿನವರು ನಮ್ಮನ್ನು ತಲುಪಲಾರರು, ನಾವೇ ಹೋಗಿ ಅವರ ಬಾಗಿಲು ತಟ್ಟಬೇಕು; ಎರಡೂ ಕಡೆ ಮುಚ್ಚಿದ್ದರೆ ಬಹಳ ಸಲ ಆ ಸಂಪರ್ಕವೇ ಆಗದು. ಇನ್ನು ಸೇವೆ ಕೊಡುವವರೇ ಅಡ್ಡಗಾಲು ಹಾಕುವುದುಂಟು. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಟೊರೆಂಟ್ ಸಂಪರ್ಕಗಳನ್ನು ಕಡಿಯುತ್ತಿರುವುದು ಬಯಲಾಯಿತು. ಮರುವರ್ಷ ಅಲ್ಲಿನ ದೂರಸಂಪರ್ಕ ಆಯೋಗ ಅದನ್ನು ನಿಲ್ಲಿಸುವಂತೆ ಆದೇಶಿಸಿತು.

ಹಳೆಯ ಫೈಲ್ ಯಾಕೆ ಅಲುಗುವುದಿಲ್ಲ ಎಂಬ ಪ್ರಶ್ನೆ ಉಳಿಯಿತು. ಕೋಹೆನ್‌ನ ನಿಯಮ ಡೌನ್‌ಲೋಡ್ ಮುಗಿಯುವವರೆಗೆ ಮಾತ್ರ ನಮ್ಮನ್ನು ಕಟ್ಟಿಹಾಕುತ್ತದೆ. ಶೇ. 100 ಆದ ಮೇಲೆ ಕೊಡುತ್ತ ಕೂರಲು ಯಾವ ಲಾಭವೂ ಇಲ್ಲ, ಒಳ್ಳೆಯ ಮನಸ್ಸೊಂದೇ ಕಾರಣ. ಹಾಗೆ ಉಳಿದವರೇ ಸೀಡರ್‌ಗಳು. ಅವರು ಒಬ್ಬೊಬ್ಬರಾಗಿ ಎದ್ದು ಹೋದಾಗ, ಉಳಿದವರಲ್ಲಿ ಯಾರ ಬಳಿಯೂ ಇಲ್ಲದ ಒಂದೇ ತುಂಡಿಗಾಗಿ ಇಡೀ ಗುಂಪು ಶೇ. 99ರಲ್ಲಿ ನಿಂತುಬಿಡುತ್ತದೆ. ನಿಮ್ಮ ಲೈನ್ ಎಷ್ಟೇ ದೊಡ್ಡದಿರಲಿ, ಆಗ ಉಪಯೋಗವಿಲ್ಲ.

ಇಂಟರ್ನೆಟ್ ಆರ್ಕೈವ್ 2012ರಿಂದ ತನ್ನ ಸಂಗ್ರಹವನ್ನು ಟೊರೆಂಟ್ ಆಗಿಯೂ ಕೊಡುತ್ತಿದೆ. ಸ್ಕ್ಯಾನ್ ಆದ ಹಳೆಯ ಕನ್ನಡ ಪುಸ್ತಕಗಳು ಅಲ್ಲಿ ರಾಶಿರಾಶಿ ಇವೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕವೊಂದನ್ನು ಇಳಿಸಿಕೊಂಡವರಿಗೆ ನನ್ನ ಕೋರಿಕೆ ಇಷ್ಟೇ: ಮುಗಿದ ಕೂಡಲೇ ಮುಚ್ಚಬೇಡಿ. ನೀವು ಪಡೆದಷ್ಟನ್ನಾದರೂ ಹಿಂತಿರುಗಿಸಿ, ಆಮೇಲೆ ಏಳಿ. ಮುಂದೆ ಅದನ್ನು ಹುಡುಕಿಕೊಂಡು ಬರುವವನ ವೇಗ ನಿಮ್ಮನ್ನೇ ಅವಲಂಬಿಸಿದೆ.