‘ಚಿರತೆ ಬಂದದಂತ’ ಮೆಸೇಜ್ ಬಂದರೆ ಮೊದಲು ಏನು ನೋಡಬೇಕು?

ಕೊಳಾರ (ಬೀದರ್): ‘ಹೊಲದಾಗ ಚಿರತೆ ಬಂದದಂತ, ಯಾರೂ ಹೊರಗ ಹೋಗಬ್ಯಾಡ್ರಿ.’ ಇಂಥ ಒಂದು ಮೆಸೇಜ್ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದರೆ ಸಾಕು, ಊರಿನ ದಿನಚರಿನೇ ಬದಲಾಗುತ್ತದೆ. ರಾತ್ರಿ ಕರೆಂಟ್ ಬಂದರೂ ರೈತ ಮೋಟರ್ ಚಾಲೂ ಮಾಡಲು ಹೋಗುವುದಿಲ್ಲ. ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿದವರು ಒಬ್ಬೊಬ್ಬರೇ ಬೈಕ್ ಮೇಲೆ ಬರಲು ಹೆದರುತ್ತಾರೆ. ಚಹಾ ಅಂಗಡಿ, ಕಿರಾಣಿ ಅಂಗಡಿ ಬೇಗ ಬಾಗಿಲು ಹಾಕುತ್ತವೆ. ಮಕ್ಕಳನ್ನು ಶಾಲೆಗೆ ಕಳಿಸಲು ತಾಯಂದಿರು ಹಿಂದೆಮುಂದೆ ನೋಡುತ್ತಾರೆ.

ಸುದ್ದಿ ಖರೆ ಇದ್ದರೆ ಈ ಎಚ್ಚರ ಬೇಕೇ ಬೇಕು. ಸುಳ್ಳಾದರೆ ನಷ್ಟ ಊರಿಗೆ. ನಾಲ್ಕು ಸಲ ಸುಳ್ಳಾದರೆ ಐದನೇ ಸಲ ಖರೆ ಚಿರತೆ ಬಂದರೂ ಯಾರೂ ನಂಬುವುದಿಲ್ಲ. ಅದಕ್ಕೇ ಇಂಥ ಸುದ್ದಿಯನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಪ್ರತಿ ಊರಿನವರಿಗೂ ಗೊತ್ತಿರಬೇಕು.

ಬರೋದೇ ಇಲ್ಲ ಅನ್ನೋದೂ ತಪ್ಪು

ದೊಡ್ಡ ಪ್ರಾಣಿಗಳಿಗೆ ಜಿಲ್ಲೆಯ ಗಡಿ ಗೊತ್ತಿರುವುದಿಲ್ಲ. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಟಿಪೇಶ್ವರ ಅಭಯಾರಣ್ಯದ ಒಂದು ಹುಲಿ ಸುಮಾರು 500 ಕಿ.ಮೀ. ನಡೆದು ನಮ್ಮ ಪಕ್ಕದ ಧಾರಾಶಿವ (ಉಸ್ಮಾನಾಬಾದ್) ಜಿಲ್ಲೆಯ ಯೆಡಶಿ ಅಭಯಾರಣ್ಯ ಸೇರಿತ್ತು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಅದರ ಫೋಟೊ ಸಿಕ್ಕಿತು. ಅದಕ್ಕೂ ಮುಂಚೆ 2019ರಲ್ಲಿ ಅದೇ ಟಿಪೇಶ್ವರದ ಇನ್ನೊಂದು ಹುಲಿ ಹೊಲ, ಹಳ್ಳ, ರಸ್ತೆ ದಾಟಿ 1,300 ಕಿ.ಮೀ.ಗೂ ಹೆಚ್ಚು ಓಡಾಡಿ ಬುಲ್ಢಾಣಾ ಜಿಲ್ಲೆಯ ಜ್ಞಾನಗಂಗಾ ಅಭಯಾರಣ್ಯ ಮುಟ್ಟಿತು.

ಆದರೆ ಇವೆರಡನ್ನೂ ಜನ ನಂಬಿದ್ದು ‘ಯಾರೋ ನೋಡ್ಯಾರಂತ’ ಎಂಬ ಮಾತಿನ ಮೇಲಲ್ಲ. ಮೊದಲನೆಯದರ ಫೋಟೊ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಬಿದ್ದಿತ್ತು, ಮೈಮೇಲಿನ ಪಟ್ಟೆ ಹೋಲಿಸಿ ಯಾವ ಹುಲಿ ಎಂದು ಗುರುತಿಸಿದರು. ಎರಡನೆಯದರ ಕೊರಳಲ್ಲಿ ರೇಡಿಯೊ ಕಾಲರ್ ಇತ್ತು. ಮನುಷ್ಯರ ಬೆರಳಚ್ಚಿನ ಹಾಗೆ ಹುಲಿಯ ಪಟ್ಟೆ, ಚಿರತೆಯ ಚುಕ್ಕೆ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ.

ಬೆಳಗಾವಿಯಲ್ಲಿ ಆಗಿದ್ದು

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಜಾಧವ ನಗರದಲ್ಲಿ ಕಟ್ಟಡ ಕಾರ್ಮಿಕರೊಬ್ಬರ ಮೇಲೆ ಚಿರತೆ ದಾಳಿ ಮಾಡಿತು. ಆಮೇಲೆ ಗಾಲ್ಫ್ ಮೈದಾನದ ಗಿಡಗಂಟಿಯಲ್ಲಿ ಸೇರಿಕೊಂಡಿತು. ಸುತ್ತಲಿನ 22 ಶಾಲೆಗಳಿಗೆ ರಜೆ ಕೊಟ್ಟರು. ಬೋನು ಇಟ್ಟರು, ಡ್ರೋನ್ ಹಾರಿಸಿದರು, ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನೂ ತರಿಸಿದರು. ಸುಮಾರು ಒಂದು ತಿಂಗಳು ಹುಡುಕಿದರೂ ಚಿರತೆ ಬೋನಿಗೆ ಬೀಳಲಿಲ್ಲ.

ಅಲ್ಲಿ ಚಿರತೆ ಇದ್ದದ್ದು ಖರೆ, ಕ್ಯಾಮೆರಾದಲ್ಲೂ ಕಂಡಿತ್ತು. ಖಚಿತವಾದ ಒಂದು ಪ್ರಾಣಿ ಹುಡುಕಲೇ ಇಷ್ಟು ಜನ, ಇಷ್ಟು ದಿನ ಬೇಕಾದರೆ, ಖಾತ್ರಿ ಇಲ್ಲದ ಪ್ರತಿ ಕರೆಯ ಹಿಂದೆ ಸಿಬ್ಬಂದಿ ಓಡಿದರೆ ಏನಾದೀತು? ಖರೆ ಜಾಗಕ್ಕೆ ಹೋಗಲು ಯಾರೂ ಉಳಿಯುವುದಿಲ್ಲ.

ಹೊರದೇಶದಲ್ಲೂ ಇದೇ ಕಥೆ

2023ರ ಜುಲೈನಲ್ಲಿ ಜರ್ಮನಿಯ ಬರ್ಲಿನ್ ಹತ್ತಿರ ‘ಹೆಣ್ಣು ಸಿಂಹ’ ಎಂದು ಒಂದು ಮೊಬೈಲ್ ವಿಡಿಯೊ ಓಡಾಡಿತು. ಪೊಲೀಸರು ಹೆಲಿಕಾಪ್ಟರ್ ಹಾರಿಸಿದರು, ಜನರಿಗೆ ಮನೆಯಲ್ಲೇ ಇರಿ ಎಂದರು. ಮರುದಿನ ತಜ್ಞರು ವಿಡಿಯೊ ಮತ್ತೆ ನೋಡಿ, ಬೆನ್ನಿನ ಆಕಾರದ ಮೇಲೆ, ಅದು ಬಹುತೇಕ ಕಾಡುಹಂದಿ ಎಂದರು.

ಇಂಗ್ಲೆಂಡಿನ ಬಾಡ್ಮಿನ್ ಬಯಲಲ್ಲಿ ಕರಿ ಚಿರತೆ ಇದೆ ಎಂದು ವರ್ಷಗಟ್ಟಲೆ ಸುದ್ದಿ ಇತ್ತು. 1995ರಲ್ಲಿ ಅಲ್ಲಿನ ಸರ್ಕಾರ ತನಿಖೆ ಮಾಡಿಸಿತು, ಪುರಾವೆ ಸಿಗಲಿಲ್ಲ. ಅದರ ಬೆನ್ನಿಗೇ ನದಿಯಲ್ಲಿ ಒಂದು ಚಿರತೆ ತಲೆಬುರುಡೆ ಸಿಕ್ಕಿತು. ಪರೀಕ್ಷೆ ಮಾಡಿದರೆ ಅದು ಮನೆಯಲ್ಲಿ ಹಾಸುವ ಚಿರತೆ ಚರ್ಮದ್ದು! ಅದರೊಳಗೆ ಉಷ್ಣದೇಶದ ಜಿರಳೆಯ ಮೊಟ್ಟೆ ಕೋಶವೂ ಇತ್ತು.

ಹಾಗಾದರೆ ಕಂಡದ್ದು ಏನು?

ನೋಡಿದವರು ಸುಳ್ಳು ಹೇಳುತ್ತಾರೆ ಅಂತಲ್ಲ. ರಾತ್ರಿ ಬ್ಯಾಟರಿ ಬೆಳಕಲ್ಲಿ ನಾಯಿ, ಬೆಕ್ಕು, ದನ, ಆಡು ಎಲ್ಲದರ ಕಣ್ಣೂ ಹೊಳೆಯುತ್ತವೆ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಿದ್ದರೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ಗೊಂದಲ ಹೆಚ್ಚಾಗುವುದು ಈ ಪ್ರಾಣಿಗಳಿಂದ:

- ಕತ್ತೆಕಿರುಬ (ಗಡಿ ಕಡೆ ಮರಾಠಿಯಲ್ಲಿ ‘ತರಸ’): ಮೈಮೇಲೆ ಪಟ್ಟೆ, ಮುಂದೆ ಎತ್ತರ, ಹಿಂದೆ ಇಳಿಜಾರು. ಪಟ್ಟೆ ನೋಡಿ ‘ಹುಲಿ’ ಎನ್ನುವವರು ಬಹಳ.
- ತೋಳ: ನಾಯಿ ಮುಖ, ಉದ್ದ ಕಾಲು, ಚುಕ್ಕೆ ಇಲ್ಲ. ಪಕ್ಕದ ಚಿಂಚೋಳಿ ವನ್ಯಜೀವಿ ಧಾಮದಲ್ಲಿ ತೋಳ, ಕತ್ತೆಕಿರುಬ ಎರಡೂ ಇವೆ.
- ಕಾಡುಬೆಕ್ಕು: ಕಬ್ಬಿನ ಹೊಲ, ಕೆರೆ ಅಂಚಲ್ಲಿ ಓಡಾಡುತ್ತದೆ. ತೂಕ ಸಾಮಾನ್ಯವಾಗಿ 10 ಕೆ.ಜಿ. ಒಳಗೆ, ಬಾಲ ಗಿಡ್ಡ, ತುದಿಯಲ್ಲಿ ಕರಿ ಬಳೆ.

ಚಿರತೆ ಇವ್ಯಾವುದರ ಹಾಗೂ ಇಲ್ಲ. ಮೈತುಂಬ ಹೂವಿನಂಥ ಚುಕ್ಕೆ, ಉದ್ದ ಬಾಲ, ನೆಲಕ್ಕೆ ತಗ್ಗಿ ನಡೆಯುವ ಮೈ.

ಹೆಜ್ಜೆ ಗುರುತು ಓದೋದು ಹೇಗೆ?

ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಹೆಜ್ಜೆಯಲ್ಲಿ ಉಗುರಿನ ಗುರುತು ಸಾಮಾನ್ಯವಾಗಿ ಬೀಳುವುದಿಲ್ಲ. ನಾಯಿ, ತೋಳ, ಕಿರುಬ ಮೂರರದ್ದೂ ಉಗುರು ಕಾಣುತ್ತದೆ. ಬರೀ ಅಳತೆ ನೋಡಿ ನಿರ್ಧಾರ ಮಾಡಬಾರದು. ಚಿರತೆ ಹೆಜ್ಜೆ 7–8 ಸೆಂ.ಮೀ. ಇರುತ್ತದೆ, ದೊಡ್ಡ ನಾಯಿಯದ್ದೂ ಅಷ್ಟೇ ಇರಬಹುದು. ನಮ್ಮ ಎರೆಭೂಮಿಯಲ್ಲಿ ಹಸಿ ಇದ್ದಾಗ ಬಿದ್ದ ಹೆಜ್ಜೆ ಅಗಲವಾಗಿ, ಅಸಲಿಗಿಂತ ದೊಡ್ಡದಾಗಿ ಕಾಣುತ್ತದೆ.

ಗುರುತು ಸಿಕ್ಕರೆ ಪಕ್ಕದಲ್ಲಿ 10 ರೂಪಾಯಿ ನಾಣ್ಯ ಇಟ್ಟು (ಅಗಲ 27 ಮಿ.ಮೀ.) ನೇರ ಮೇಲಿಂದ ಫೋಟೊ ತೆಗೆಯಿರಿ. ಅದರ ಮೇಲೆ ಬುಟ್ಟಿ ಬೋರಲು ಹಾಕಿ. ಜನ ತುಳಿದು ಹೋದ ಮೇಲೆ ಯಾರು ಬಂದರೂ ಏನೂ ಹೇಳಲು ಆಗುವುದಿಲ್ಲ.

ಕುರಿ, ಆಡು ಸತ್ತಿದ್ದರೆ ಕಳೇಬರ ಮುಟ್ಟಬೇಡಿ, ಹೂಳಬೇಡಿ. ಚಿರತೆ ಸಾಮಾನ್ಯವಾಗಿ ಕುತ್ತಿಗೆ ಹಿಡಿಯುತ್ತದೆ. ಬೀದಿನಾಯಿ ಹಿಂಡು ಹಿಂಗಾಲು, ತೊಡೆ ಕಚ್ಚಿ ಹಲವನ್ನು ಗಾಯ ಮಾಡುತ್ತದೆ. ಕಾಡುಪ್ರಾಣಿಯಿಂದ ಜಾನುವಾರು ಸತ್ತರೆ ಪರಿಹಾರ ಕೇಳಲೂ ಕಳೇಬರದ ಪರಿಶೀಲನೆ ಬೇಕು.

ಫಾರ್ವರ್ಡ್ ಮಾಡೋ ಮುಂಚೆ

1. ಮೆಸೇಜಿನಲ್ಲಿ ಊರು, ತಾರೀಖು, ಟೈಮ್ ಇದೆಯಾ? ‘ನಮ್ಮ ಕಡೆ’, ‘ನಿನ್ನೆ ರಾತ್ರಿ’ ಅಂತಷ್ಟೇ ಇದ್ದರೆ ಅನುಮಾನಿಸಿ.
2. ಫೋಟೊ ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿ. ಹಳೇ ಫೋಟೊ, ಬೇರೆ ರಾಜ್ಯದ ಫೋಟೊ ಆಗಿದ್ದರೆ ಸಿಕ್ಕಿಬೀಳಬಹುದು. ಎಐನಿಂದ ಮಾಡಿದ ಚಿತ್ರ ಹಾಗೆ ಸಿಗಲಿಕ್ಕಿಲ್ಲ, ಅದಕ್ಕೆ ಫೋಟೊ ಒಂದನ್ನೇ ನಂಬಬೇಡಿ.
3. ಕಣ್ಣಾರೆ ಕಂಡವರು ಯಾರು? ಅವರ ಜೊತೆ ನೇರ ಮಾತಾಡಿ. ‘ಅವರು ಹೇಳಿದ್ದು ಇವರು ಹೇಳಿದ್ದು’ ಪುರಾವೆ ಅಲ್ಲ.
4. ಹಗಲಲ್ಲಿ ನಾಲ್ಕು ಜನ ಕೂಡಿ ಅದೇ ಜಾಗಕ್ಕೆ ಹೋಗಿ, ಬದುವಿನ ಎತ್ತರಕ್ಕೆ ಹೋಲಿಸಿ ಪ್ರಾಣಿ ಎಷ್ಟಿತ್ತು ಅಂದಾಜು ಮಾಡಿ.
5. ಅಂಗಡಿ ಮುಂದೆ ಸಿಸಿ ಕ್ಯಾಮೆರಾ ಇದ್ದರೆ ಆ ಹೊತ್ತಿನ ವಿಡಿಯೊ ಅಳಿಸಿ ಹೋಗುವ ಮುಂಚೆ ಉಳಿಸಿಕೊಳ್ಳಿ.

ಕೋಲು ಹಿಡಿದು ಓಡಬೇಡಿ

ಚಿರತೆ, ತೋಳ, ಕತ್ತೆಕಿರುಬ ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೊಂದರೆ 3ರಿಂದ 7 ವರ್ಷ ಜೈಲು ಆಗಬಹುದು. ಅದಕ್ಕಿಂತ ದೊಡ್ಡ ಮಾತು ಅಂದರೆ, ಜನ ಸುತ್ತುವರಿದಾಗ ಹೋಗಲು ದಾರಿ ಸಿಗದ ಪ್ರಾಣಿಯೇ ಮೈಮೇಲೆ ಬರುತ್ತದೆ.

ಅನುಮಾನ ಬಂದರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ, ತುರ್ತು ಇದ್ದರೆ 112ಕ್ಕೆ ಫೋನ್ ಮಾಡಿ. ಇಲಾಖೆಯವರು ಬಂದು ಹೇಳುವ ತನಕ ರಾತ್ರಿ ಒಬ್ಬರೇ ಹೊಲಕ್ಕೆ ಹೋಗಬೇಡಿ. ಕುರಿಗಳನ್ನು ಮುಚ್ಚಿದ ದೊಡ್ಡಿಯಲ್ಲಿ ಕಟ್ಟಿ, ಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋಗಿ. ಇಷ್ಟು ಮಾಡಲು ಚಿರತೆ ಖಾತ್ರಿ ಆಗಬೇಕಿಲ್ಲ. ಮೆಸೇಜ್ ಫಾರ್ವರ್ಡ್ ಮಾಡಲು ಮಾತ್ರ ಖಾತ್ರಿ ಆಗಲೇಬೇಕು.