ಕುರ್ಲಾದ ಫಿಯೆಟ್, ಮೈಸೂರಿನ ಬೇರು

ಮಾಟುಂಗ ಪಶ್ಚಿಮದ ಕರ್ನಾಟಕ ಸಂಘಕ್ಕೆ ನಾಟಕಕ್ಕೋ ಪುಸ್ತಕ ಬಿಡುಗಡೆಗೋ ಹೋದ ನಾವೆಲ್ಲ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಸ್ಮಾರಕ ಮಂದಿರದೊಳಗೆ ಎಷ್ಟೋ ಸಂಜೆಗಳನ್ನು ಕಳೆದವರೇ. ಸರ್ ಎಂ.ವಿ. ಎಂದರೆ ನಮಗೆ ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಮೈಸೂರು ಬ್ಯಾಂಕು, ಗಂಧದ ಸೋಪು. ಸಭೆ ಮುಗಿಸಿ ಹೊರಬಂದು ಕೈಬೀಸಿ ನಿಲ್ಲಿಸುತ್ತಿದ್ದ ಕಪ್ಪು-ಹಳದಿ ಫಿಯೆಟ್ ಟ್ಯಾಕ್ಸಿಗೂ ಅವರಿಗೂ ಏನಾದರೂ ನಂಟು ಇದ್ದೀತು ಎಂದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ.

ಹೊಳೆದದ್ದು ಒಂದು ಭಾನುವಾರ ಬೆಳಿಗ್ಗೆ. ಹಳೆಯ ಫಿಯೆಟ್‌ಗಳನ್ನು ಸಾಕಿಕೊಂಡಿರುವ ಹತ್ತಾರು ಮಂದಿ ರಸ್ತೆಬದಿಯಲ್ಲಿ ಗಾಡಿ ಸಾಲಾಗಿ ನಿಲ್ಲಿಸಿ ಬಾನೆಟ್ ಎತ್ತಿಕೊಂಡು ಚಹಾ ಕುಡಿಯುತ್ತಿದ್ದರು. ಅವರ ನಡುವೆ ಉಡುಪಿ ಕಡೆಯ ಒಬ್ಬರು ಹಿರಿಯರು, ನಿವೃತ್ತ ಬ್ಯಾಂಕ್ ನೌಕರರು, ತಮ್ಮ ತಿಳಿಹಸಿರು ಗಾಡಿಯ ಕನ್ನಡಿ ಒರೆಸುತ್ತಿದ್ದರು. "ಎಷ್ಟು ಚೆಂದ ಇಟ್ಟಿದ್ದೀರಿ ಸರ್, ಇಟಲಿ ಗಾಡಿ ಅಲ್ಲವೇ?" ಎಂದೆ. ಅವರು ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಇಟಲಿಯದ್ದು ನಕ್ಷೆ ಮಾತ್ರ ಮಾರಾಯ್ರೆ. ಗಾಡಿ ನಮ್ಮ ಕುರ್ಲಾದ್ದು. ಕುರ್ಲಾದಲ್ಲಿ ಕಾರ್ಖಾನೆ ಹೇಗೆ ಬಂತು ಅಂತ ಓದಿ ನೋಡಿ, ನಿಮ್ಮ ಮೈಸೂರಿನವರೇ ಸಿಗ್ತಾರೆ."

ಓದಿದೆ. ಸಿಕ್ಕರು.

ಮುಂಬಯಿಗೆ ಮೋಟಾರು ಬಂದದ್ದು ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ವಾಹನ ಮಾಲೀಕರ ಸಂಸ್ಥೆಯಾದ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಇಲ್ಲಿ 1919ರಲ್ಲೇ ಹುಟ್ಟಿತು. 1928ರಲ್ಲಿ ಜನರಲ್ ಮೋಟಾರ್ಸ್ ಶಿವಡಿಯಲ್ಲಿ ಜೋಡಣಾ ಘಟಕ ತೆರೆಯಿತು. ಅಮೆರಿಕದಿಂದ ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಕೂಡಿಸಿ ಕಾರು ಮಾಡಿ ಮಾರುವುದಷ್ಟೇ ಅಲ್ಲಿನ ಕೆಲಸ. ತಯಾರಿಕೆ ಎಂಬುದು ಭಾರತದಲ್ಲಿ ಇರಲಿಲ್ಲ, ಇರಬೇಕೆಂದು ಆಳುವವರಿಗೂ ಅನಿಸಿರಲಿಲ್ಲ.

ವಿಶ್ವೇಶ್ವರಯ್ಯನವರಿಗೆ ಅನಿಸಿತು. ಮೈಸೂರಿನ ದಿವಾನಗಿರಿ ಬಿಟ್ಟು ಒಂದೂವರೆ ದಶಕ ದಾಟಿತ್ತು, ವಯಸ್ಸು ಎಪ್ಪತ್ತು ಮೀರಿತ್ತು. ಮುಂಬಯಿ ಅವರಿಗೆ ಹೊಸ ಊರೇನೂ ಅಲ್ಲ; 1884ರಲ್ಲಿ ಇಪ್ಪತ್ತರ ಹರೆಯದಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆ ಸೇರಿ ಎರಡು ದಶಕಕ್ಕೂ ಹೆಚ್ಚು ದುಡಿದವರು. ಈಗಿನ ಲೆಕ್ಕದಲ್ಲಿ ಹೇಳುವುದಾದರೆ, ಕೆಲಸ ಹುಡುಕಿಕೊಂಡು ಬಂದ ನಮ್ಮಂಥವರ ಸಾಲಿನಲ್ಲಿ ಬಹಳ ಮುಂದೆ ನಿಂತವರು. 1935ರಲ್ಲಿ ಅವರು ಯುರೋಪು, ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿದರು. ಮರಳಿ ಬಂದು ಭಾರತದಲ್ಲೇ ಕಾರು, ಲಾರಿ ತಯಾರಿಸುವ ಯೋಜನೆ ಬರೆದು ಮುಂಬಯಿಯ ಉದ್ಯಮಿಗಳ ಮುಂದಿಟ್ಟರು. ಅದನ್ನು ಗಟ್ಟಿಯಾಗಿ ಹಿಡಿದುಕೊಂಡವರು ಸೋಲಾಪುರದ ವಾಲ್‌ಚಂದ್ ಹೀರಾಚಂದ್. ಸಿಂದಿಯಾ ಹಡಗು ಕಂಪನಿ ಕಟ್ಟಿ ಇಂಗ್ಲಿಷರ ಹಡಗುಗಳಿಗೆ ಎದುರು ನಿಂತಿದ್ದ ಮನುಷ್ಯ.

1937ರಲ್ಲಿ ಬಂದ ಮುಂಬಯಿಯ ಕಾಂಗ್ರೆಸ್ ಸರ್ಕಾರ ಯೋಜನೆಗೆ ಒಲವು ತೋರಿತು. 1939ರಲ್ಲಿ ಯುದ್ಧ ಶುರುವಾಗಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ವಾಲ್‌ಚಂದ್ ಅಮೆರಿಕಕ್ಕೆ ಹೋಗಿ ಕ್ರೈಸ್ಲರ್ ಕಂಪನಿಯ ಜೊತೆ ಮಾತು ಮುಗಿಸಿಕೊಂಡು ಬಂದರು. ಕಾರ್ಖಾನೆಗೆ ನೆರವಾಗಲು ಮೈಸೂರು ಸಂಸ್ಥಾನವೂ ಮುಂದಾಯಿತು. ಆದರೆ ದಿಲ್ಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರು ಕಾರ್ಖಾನೆ ಯುದ್ಧಕ್ಕೆ ಉಪಯೋಗವಿಲ್ಲ ಎಂಬುದು ಕೊಟ್ಟ ಕಾರಣ. ಅದೇ ಹೊತ್ತಿಗೆ ಅವರದೇ ಸೈನ್ಯಕ್ಕೆ ಲಾರಿಗಳು ಸಾವಿರಗಟ್ಟಲೆ ಬೇಕಾಗಿದ್ದವು ಎಂಬುದನ್ನು ನೆನೆದರೆ ಆ ಕಾರಣದ ತೂಕ ಎಷ್ಟೆಂದು ತಿಳಿಯುತ್ತದೆ.

ಇದೇ ಪ್ರಯತ್ನದ ಮಗ್ಗುಲಲ್ಲಿ ಹುಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ಅಮೆರಿಕದಿಂದ ಮರಳುವ ದಾರಿಯಲ್ಲಿ ವಾಲ್‌ಚಂದ್‌ಗೆ ವಿಮಾನ ತಯಾರಿಕೆಯ ವಿಲಿಯಂ ಪೌಲಿ ಎಂಬವರ ಪರಿಚಯವಾಯಿತು, ಮೈಸೂರು ಜಮೀನು ಕೊಟ್ಟಿತು, 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಯುದ್ಧಕ್ಕೆ ವಿಮಾನ ಬೇಕಿತ್ತು, ಹಾಗಾಗಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕಾರು ಕಾಯಬೇಕಾಯಿತು. ಪ್ರೀಮಿಯರ್ ಆಟೊಮೊಬೈಲ್ಸ್ ನೋಂದಣಿಯಾದದ್ದು 1944ರಲ್ಲಿ. ಕುರ್ಲಾದ ಕಾರ್ಖಾನೆಯಿಂದ ಮೊದಲ ಗಾಡಿಗಳು, ಕ್ರೈಸ್ಲರ್ ಮಾದರಿಯವು, ಹೊರಬಿದ್ದದ್ದು 1947ರಲ್ಲಿ.

ಆ ಅಮೆರಿಕನ್ ಗಾಡಿಗಳು ನಮ್ಮ ರಸ್ತೆಗೂ ನಮ್ಮ ಜೇಬಿಗೂ ದೊಡ್ಡವು. ಐವತ್ತರ ದಶಕದಲ್ಲಿ ಪ್ರೀಮಿಯರ್ ಇಟಲಿಯ ಫಿಯೆಟ್ ಕಡೆ ತಿರುಗಿತು. 1953ರಲ್ಲಿ ಕೇಂದ್ರ ಸರ್ಕಾರ ಇಲ್ಲಿ ತಯಾರಿಸುವ ಕಾರ್ಯಕ್ರಮವಿಲ್ಲದ ಕಂಪನಿಗಳಿಗೆ ಜಾಗವಿಲ್ಲ ಎಂದದ್ದರಿಂದ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ ಗಂಟುಮೂಟೆ ಕಟ್ಟಿದವು. ವಾಲ್‌ಚಂದ್ ಆ ವರ್ಷವೇ ತೀರಿಕೊಂಡರು. 1954ರಿಂದ ಫಿಯೆಟ್ 1100 ಕುರ್ಲಾದಲ್ಲಿ ತಯಾರಾಗತೊಡಗಿತು. ಮೊದಲ ಮಾದರಿಯ ದುಂಡು ಮೂತಿ ನೋಡಿ ಮುಂಬಯಿಯವರು ಇಟ್ಟ ಹೆಸರು 'ಡುಕ್ಕರ್ ಫಿಯೆಟ್', ಅಂದರೆ ಹಂದಿ ಫಿಯೆಟ್. ಅದರ ಮುಂದಿನ ಬಾಗಿಲುಗಳು ಹಿಮ್ಮುಖವಾಗಿ ತೆರೆಯುತ್ತಿದ್ದವು. ಆ ಬೈಗುಳದ ಹೆಸರನ್ನೇ ಇವತ್ತು ಕ್ಲಬ್ಬಿನವರು ಬಿರುದಿನಂತೆ ಹೇಳಿಕೊಳ್ಳುತ್ತಾರೆ; ಅಂಥದೊಂದು ಗಾಡಿ ಕೂಟಕ್ಕೆ ಬಂದರೆ ಉಳಿದವರೆಲ್ಲ ಜರುಗಿ ಜಾಗ ಕೊಡುತ್ತಾರೆ. ಆಮೇಲೆ ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್ ಬಂದವು. 1964ರಲ್ಲಿ ಡಿಲೈಟ್. ಎಪ್ಪತ್ತರ ದಶಕದಲ್ಲಿ ಫಿಯೆಟ್ ಹೆಸರು ಬಿಟ್ಟು ಕೆಲಕಾಲ ಪ್ರೆಸಿಡೆಂಟ್, ಕೊನೆಗೆ ಪದ್ಮಿನಿ.

ಮೂವತ್ತಕ್ಕೂ ಹೆಚ್ಚು ವರ್ಷ ಹೆಚ್ಚುಕಡಿಮೆ ಅದೇ ಗಾಡಿ. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸ್ಟಿಯರಿಂಗ್ ಕಂಬಕ್ಕೇ ಅಂಟಿದ ಗೇರು, ಮುಂದೆ ಬೆಂಚಿನಂಥ ಉದ್ದ ಸೀಟು. ಪರವಾನಗಿ ರಾಜ್ಯದ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಗಾಡಿ ಬದಲಾಗದಿದ್ದುದಕ್ಕೆ ನಮ್ಮಲ್ಲಿ ಗೊಣಗುವವರು ಬಹಳ, ಅದು ನ್ಯಾಯವೂ ಹೌದು. ಆದರೆ ಈಗ ಹಳೆಯದನ್ನು ಸರಿಪಡಿಸುವವರಿಗೆ ಆ ಜಡತೆಯೇ ವರ: 1968ರ ಗಾಡಿಗೆ 1988ರ ಎಷ್ಟೋ ಭಾಗಗಳು ಕೂರುತ್ತವೆ.

1983ರ ಕೊನೆಯಲ್ಲಿ ಮಾರುತಿ 800 ಬಂದ ಮೇಲೆ ಮನೆಗಳಿಂದ ಫಿಯೆಟ್ ಜಾರತೊಡಗಿತು. ಟ್ಯಾಕ್ಸಿ ಮಾತ್ರ ಬಿಡಲಿಲ್ಲ. ಊರಿನ ಬಸ್ಸು ಇಳಿದು, ಅಕ್ಕಿ ಮೂಟೆ, ಹಲಸಿನ ಹಪ್ಪಳದ ಡಬ್ಬ, ಟ್ರಂಕು ಎಲ್ಲವನ್ನೂ ತಲೆಯ ಮೇಲಿನ ಕ್ಯಾರಿಯರ್‌ಗೆ ಹಗ್ಗದಲ್ಲಿ ಬಿಗಿದು ಡೊಂಬಿವಲಿಗೋ ಮೀರಾ ರೋಡಿಗೋ ಹೊರಟ ನೆನಪು ನಮ್ಮಲ್ಲಿ ಯಾರಿಗಿಲ್ಲ?

ಇಷ್ಟರ ನಡುವೆ ಇನ್ನೊಂದು ಬಗೆಯ ಹಳೆಯ ಕಾರಿನ ಕಥೆ ನಡೆದಿತ್ತು. 1971ರಲ್ಲಿ ರಾಜಧನ ರದ್ದಾದಾಗ ಅರಮನೆಗಳ ಲಾಯಗಳಿಂದ ರೋಲ್ಸ್-ರಾಯ್ಸ್‌ಗಳು ಹೊರಬಿದ್ದವು. ಹಲವು ವಿದೇಶ ಸೇರಿದವು. ಮುಂದೆ ಸರ್ಕಾರ ರಫ್ತಿಗೆ ಕಡಿವಾಣ ಹಾಕಿತು. ಉಳಿದವನ್ನು ಉಳಿಸಿದವರು ಪ್ರಾಣ್‌ಲಾಲ್ ಭೋಗಿಲಾಲ್ ಅವರಂಥ ಸಂಗ್ರಾಹಕರು. ಅವರ ಸಂಗ್ರಹ ಅಹಮದಾಬಾದಿನ ಬಳಿ ವಸ್ತುಸಂಗ್ರಹಾಲಯವಾಗಿದೆ. ನಮ್ಮೂರ ಕಡೆ ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಟ್ಟ ಕಾರುಗಳನ್ನು ದರ್ಶನ ಮುಗಿಸಿ ನೋಡಿಬಂದವರು ಈ ಪುಟ ಓದುವವರಲ್ಲೂ ಇದ್ದೀರಿ. ಮುಂಬಯಿಯಲ್ಲಿ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ನಡೆಸುವ ಮೆರವಣಿಗೆಯಲ್ಲಿ ಜನ ಮುಗಿಬೀಳುವುದು ಅಂಥ ರಾಜಗಾಡಿಗಳ ಸುತ್ತ. ಫಿಯೆಟ್ ಕ್ಲಾಸಿಕ್ ಕಾರ್ ಕ್ಲಬ್ಬಿನವರದು ಬೇರೆ ಹಾದಿ. ಅಲ್ಲಿರುವುದು ಅಪ್ಪನ ಗಾಡಿ, ಮಾವ ಕಂತಿನಲ್ಲಿ ಕೊಂಡ ಗಾಡಿ, ಮದುವೆಯ ದಿನ ಹೂವು ಸುತ್ತಿದ ಗಾಡಿ.

ಅದನ್ನು ನಿಲ್ಲಿಸಿಕೊಳ್ಳುವುದು ಸುಲಭವಲ್ಲ. ಈ ಊರಿನ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸೊಸೈಟಿಯ ನೀರು ನಿಲ್ಲುವ ಪಾರ್ಕಿಂಗು ಸೇರಿ ತಗಡನ್ನು ಕೆಳಗಿನಿಂದ ತಿನ್ನುತ್ತವೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಕಾಲಡಿಯ ನೆಲ ಜರಡಿಯಾಗಿರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕೆಳಮಹಡಿಗಳಲ್ಲಿ ನಿಂತ ಗಾಡಿಗಳು ಮುಳುಗೆದ್ದವು. ನಮ್ಮ ಪಕ್ಕದ ಕಟ್ಟಡದ ಫಿಯೆಟ್ ಆಮೇಲೆ ಚಾಲೂ ಆಗಲೇ ಇಲ್ಲ. ಸರಿಪಡಿಸುವುದೆಂದರೆ ಮೊದಲು ಎಲ್ಲ ಬಿಚ್ಚಿ ಬಣ್ಣ ಕೆರೆದು ತುಕ್ಕು ಎಲ್ಲಿಯವರೆಗೆ ಹೋಗಿದೆ ಎಂದು ನೋಡುವುದು. ಸತ್ತ ತಗಡು ಕತ್ತರಿಸಿ ಹೊಸದನ್ನು ಅದೇ ಬಾಗಿಗೆ ಬಡಿದು ಬೆಸೆಯುವುದು. ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಡುವವರು ಬೇಕಾದಷ್ಟು. ಸುತ್ತಿಗೆಯಲ್ಲೇ ಬಾಗು ತರುವ ಟಿಂಕರ್ ಈಗ ಅಪರೂಪ. ನನಗೆ ಕ್ಲಬ್ಬುಗಳ ಮೇಲಿರುವ ತಕರಾರು ಒಂದೇ: ಗಾಡಿಯ ಮಾಲೀಕನ ಹೆಸರು ಫಲಕದಲ್ಲಿರುತ್ತದೆ, ತಗಡು ಬಡಿದವನದು ಎಲ್ಲೂ ಇರುವುದಿಲ್ಲ.

ಕಾನೂನಿನ ಕಡೆಯಿಂದ 2021ರಲ್ಲಿ ಒಂದು ಒಳ್ಳೆಯ ಕೆಲಸವಾಯಿತು. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ, 'ವಿಎ' ಅಕ್ಷರವಿರುವ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗೆ ಮಾತ್ರ ರಸ್ತೆಗಿಳಿಯಬಹುದು. ಅದರ ಪಕ್ಕದಲ್ಲಿ ಇನ್ನೊಂದು ನಿಯಮ ಇಟ್ಟು ನೋಡಿ: ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಸ್ಸು 20 ವರ್ಷ. ಇಪ್ಪತ್ತಕ್ಕೇ ಗುಜರಿಗೆ ಹೋಗಬೇಕಾದದ್ದು ಐವತ್ತು ಮುಟ್ಟುವುದು ಹೇಗೆ? ಬಿಸಿಲು ಕಾಣದೆ ಹೊದಿಕೆಯೊಳಗಿದ್ದ ಗಾಡಿ ಪರಂಪರೆಯಾಗುತ್ತದೆ, ಊರನ್ನೇ ಹೊತ್ತು ತಿರುಗಿದ್ದು ಕಬ್ಬಿಣದ ತೂಕಕ್ಕೆ ಹೋಗುತ್ತದೆ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಯಲ್ಲಿ ಅವು ಅಧಿಕೃತವಾಗಿ ಇಲ್ಲ. ಒಂದನ್ನಾದರೂ ಉಳಿಸಿ ಎಂದು ಟ್ಯಾಕ್ಸಿ ಚಾಲಕರ ಸಂಘ ಸರ್ಕಾರವನ್ನು ಕೇಳಿಕೊಂಡಿತ್ತು.

ಕುರ್ಲಾದ ಕಾರ್ಖಾನೆಯ ಜಾಗದಲ್ಲಿ ಈಗ ವಸತಿ ಕಟ್ಟಡಗಳು ಎದ್ದಿವೆ. ಆದರೆ ಅಲ್ಲೇ ಹತ್ತಿರದ ಸಿಎಸ್‌ಟಿ ರಸ್ತೆಯ ಗುಜರಿ ಸಾಲಿನಲ್ಲಿ ಒಮ್ಮೆ ಆ ಬ್ಯಾಂಕಿನ ಹಿರಿಯರ ಜೊತೆ ಅರ್ಧ ದಿನ ತಿರುಗಿದೆ. ಅವರಿಗೆ ಎಡಬಾಗಿಲಿನ ಒಂದು ಹಿಡಿ ಬೇಕಿತ್ತು. ಅಂಗಡಿಯವನು ಗೋಣಿ ಸುರಿದ: ಹಿಡಿಗಳು, ಗೇರಿನ ಕೋಲುಗಳು, ಕಿಟಕಿ ಇಳಿಸುವ ತಿರುಗುಗಳು. ಹೆಚ್ಚಿನವುಗಳ ಮೂಲೆಯಲ್ಲಿ ಹಳದಿ ಬಣ್ಣದ ಚೂರು ಅಂಟಿಕೊಂಡಿತ್ತು. ಅವರು ಒಂದನ್ನು ಆರಿಸಿ, ಕರವಸ್ತ್ರದಲ್ಲಿ ಸುತ್ತಿಕೊಂಡು, "ಈ ಹಳದಿ ಕೆರೆಯುವುದಿಲ್ಲ, ಒಳಬದಿಗೆ ಬರುವಂತೆ ಕೂರಿಸ್ತೇನೆ" ಎಂದರು.